ಸತ್ತವರಿಗೊಂದು ಹೈಮಾಸ್ಟ್ ದೀಪ

ನಮ್ಮ ಕರಾವಳಿಯ ಒಂದು ನಗರಸಭೆ ಬ್ರಿಟಿಷರ ಕಾಲದ ಗೋರಿ ಜಾಗವನ್ನು ವಹಿಸಿಕೊಂಡಿದೆ. ಯಾವ ಊರು ಅಂತ ಹೇಳುವುದಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಯಾರು ಓದಿದರೂ ನಮ್ಮೂರೇ ಅಂದುಕೊಳ್ಳಲಿ.

ವಹಿಸಿಕೊಂಡಿದ್ದು ತಪ್ಪಲ್ಲ. ಅದು ಅವರ ಕೆಲಸವೇ. 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತದ 18 ವಿಷಯಗಳಿವೆ. 14ನೆಯದು ಸ್ಮಶಾನ. 15ನೆಯದು ದನದ ದೊಡ್ಡಿ. ನಮ್ಮವರು ಖರ್ಚು ಉಳಿಸಲು ಇಷ್ಟು ವರ್ಷ ಎರಡನ್ನೂ ಒಂದೇ ಜಾಗದಲ್ಲಿ ನಡೆಸುತ್ತಿದ್ದರು. ಪಾಗಾರ ಕುಸಿದ ಕಡೆಯಿಂದ ಬಿಡಾಡಿ ದನಗಳು ಒಳಗೆ ಹೋಗಿ ಗೋರಿಗಳ ನಡುವೆ ಮಲಗಿ ಮೆಲುಕು ಹಾಕುತ್ತಿದ್ದವು. ನಮ್ಮ ಕಡೆ ಕಮ್ಯುನಿಸ್ಟ್ ಗಿಡ ಅಂತ ಕರೆಯುವ ಕಳೆ ಆಳೆತ್ತರ ಬೆಳೆದು ಸಾಹೇಬರುಗಳನ್ನು ಮುಚ್ಚಿಹಾಕಿತ್ತು. ಆ ಗಿಡಕ್ಕೆ ಹೆಸರಿಟ್ಟವರು ಇದನ್ನು ನೋಡಿದ್ದರೆ ಖುಷಿಪಡುತ್ತಿದ್ದರು.

ಇಲ್ಲಿ ಮಲಗಿರುವವರ ಸರ್ವಿಸ್ ರೆಕಾರ್ಡ್ ಸಾಮಾನ್ಯದ್ದಲ್ಲ. 1838ರಲ್ಲಿ ಸತ್ತವನನ್ನು ಹೂಳುವಾಗ ಇದು ಮದ್ರಾಸ್ ಪ್ರಾಂತ್ಯ. 1862ರಲ್ಲಿ ಬಾಂಬೆಗೆ ವರ್ಗ. 1956ರಲ್ಲಿ ಮೈಸೂರಿಗೆ. 1973ರಲ್ಲಿ ಇಲಾಖೆಯ ಹೆಸರೇ ಬದಲಾಗಿ ಕರ್ನಾಟಕ. ಇಷ್ಟು ಸಲ ವರ್ಗವಾದರೂ ಕೂತ ಜಾಗ ಬಿಡದವರು ಜಿಲ್ಲೆಯಲ್ಲಿ ಇವರೊಬ್ಬರೇ. ಇನ್ನು ಕೆಲವರು ಇದ್ದಾರೆ, ಆದರೆ ಅವರು ಬದುಕಿದ್ದಾರೆ.

ಹಳೆಯದು ಅಂದರೆ ನಿಜಕ್ಕೂ ಹಳೆಯದೇ. ಭಟ್ಕಳದಲ್ಲಿ 1637–38ರ ಇಂಗ್ಲಿಷರ ಗೋರಿಗಳನ್ನು ಬಾಂಬೆ ಪ್ರಾಂತ್ಯದ ಹಳೆ ಗೆಜೆಟಿಯರ್ ದಾಖಲಿಸಿದೆ. ಇಬ್ಬರು ವರ್ತಕರು, ಒಬ್ಬ ವೈದ್ಯ. ಆಗ್ರಾದಲ್ಲಿ ತಾಜ್ ಮಹಲಿಗೆ ಇನ್ನೂ ಕಲ್ಲು ಕೆತ್ತುತ್ತಿದ್ದ ಕಾಲ ಅದು.

ಹಾಗಾದರೆ ನಮ್ಮ ಜಾಗವನ್ನೂ ಸ್ಮಾರಕ ಅಂತ ಘೋಷಿಸಬಹುದಲ್ವಾ? ಸಾಮಾನ್ಯ ಸಭೆಯಲ್ಲಿ ಒಬ್ಬ ಸದಸ್ಯರು ಕೇಳಿಯೇಬಿಟ್ಟರು. ಸಭೆ ಬೆಚ್ಚಿತು. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. ಆ 100 ಮೀಟರಿನೊಳಗೆ ಯಾರ್‍ಯಾರ ಸೈಟುಗಳಿವೆ ಅಂತ ಕೇಳಿದವರಿಗೆ ಗೊತ್ತಿರಲಿಲ್ಲ, ಉಳಿದವರಿಗೆಲ್ಲ ಗೊತ್ತಿತ್ತು. ಐದೇ ನಿಮಿಷದಲ್ಲಿ ಅದು 'ಉದ್ಯಾನ' ಅಂತ ಠರಾವಾಯಿತು.

ನಂತರ ಅಭಿವೃದ್ಧಿ ಶುರು. ಗುದ್ದಲಿ ಪೂಜೆ ಆಯಿತು. (ಸ್ಮಶಾನದಲ್ಲಿ ಗುದ್ದಲಿ ಹಿಡಿದು ನಗುತ್ತಾ ಫೋಟೋ ತೆಗೆಸಿಕೊಳ್ಳಲು ಧೈರ್ಯ ಬೇಕು ಮಾರಾಯ್ರೆ.) ಕಬ್ಬಿಣದ ಗೇಟು ಬಂತು, ಹೈಮಾಸ್ಟ್ ದೀಪ ಬಂತು, ಇಂಟರ್‌ಲಾಕ್ ಬಂತು. ಗೇಟಿನ ಪಕ್ಕ ಗ್ರಾನೈಟ್ ಫಲಕ. ಅದರಲ್ಲಿ ಅಧ್ಯಕ್ಷರಿಂದ ಹಿಡಿದು ಗುತ್ತಿಗೆದಾರರವರೆಗೆ ಎಲ್ಲರ ಹೆಸರಿದೆ. ಹೊಸಬರು ಬಂದರೆ ಒಳಗೆ ಮಲಗಿರುವವರ ಪಟ್ಟಿ ಅಂದುಕೊಂಡು ಕೈ ಮುಗಿಯುತ್ತಾರೆ. ಚಿರೆಕಲ್ಲಿನ ಹಳೆ ಪಾಗಾರ ಮಾತ್ರ ಕುಸಿದಲ್ಲೇ ಇದೆ, ಎಸ್ಟಿಮೇಟಿನಲ್ಲಿ ಅದು ಇರಲಿಲ್ಲವಂತೆ. ಹಾಗಾಗಿ ದನಗಳು ಹಳೆ ದಾರಿಯಲ್ಲೇ ಬರುತ್ತವೆ, ಗೇಟಿಗೆ ಬೀಗ ಹಾಕಿರುವುದರಿಂದ ಜನ ಬರುವುದಿಲ್ಲ. ಕಳೆ ಕೀಳುವ ಬಿಲ್ಲು ಮೇ ಕೊನೆಯಲ್ಲಿ ಪಾಸಾಗುತ್ತದೆ. ಜೂನಿನಲ್ಲಿ ಮಳೆ ಹಿಡಿಯುತ್ತದೆ. ಮುಂದಿನದು ನಿಮಗೂ ಗೊತ್ತು, ಕಮ್ಯುನಿಸ್ಟ್ ಗಿಡಕ್ಕೂ ಗೊತ್ತು.

ಗೋರಿಗಳಿಗೇನೂ ಮಾಡಲಿಲ್ಲ ಅಂದರೆ ಅನ್ಯಾಯವಾದೀತು. ಬಣ್ಣ ಬಳಿದರು. ಅಂಗಡಿ ಬೋರ್ಡು ಬರೆಯುವ ಹುಡುಗನೊಬ್ಬ ಕಪ್ಪು ಆಯಿಲ್ ಪೇಂಟ್ ಹಿಡಿದು, ಸವೆದ ಅಕ್ಷರಗಳ ಮೇಲೆ ಕುಂಚ ಎಳೆಯುತ್ತಾ ಹೋದ. ಒಂದು ಕಲ್ಲಿನ ಮುಂದೆ ನಿಂತ.

"ಸಾರ್, ಇದು ಸೊನ್ನೆಯಾ ಆರಾ?"

ಇಂಜಿನಿಯರ್ ಫೋನಿನಲ್ಲಿದ್ದರು. "ಯಾವುದು ಚೆಂದ ಕಾಣ್ತದೋ ಅದು ಹಾಕು."

ಆರು ಚೆಂದ ಕಂಡಿತು. ಹೀಗಾಗಿ 1801ರಲ್ಲಿ ಹುಟ್ಟಿ 1838ರಲ್ಲಿ ಸತ್ತ ಆ ಮನುಷ್ಯ ಈಗ 1861ರಲ್ಲಿ ಹುಟ್ಟಿದ್ದಾನೆ. ಸತ್ತು 23 ವರ್ಷ ಆದ ಮೇಲೆ. ತಿದ್ದಿಸೋಣ ಅಂತ ಮೇಷ್ಟ್ರೊಬ್ಬರು ಕಚೇರಿಗೆ ಹೋದರು. ಅನುಸೂಚಿಯ 16ನೇ ವಿಷಯ ಜನನ-ಮರಣ ನೋಂದಣಿ, ಅದೂ ಇವರದೇ. ಕೌಂಟರಿನಾಕೆ ಸಮಾಧಾನದಿಂದ ಕೇಳಿಸಿಕೊಂಡು ಹೇಳಿದಳು: "ಸರ್, ಜನನ ಒಂದು ವರ್ಷದೊಳಗೆ ನೋಂದಣಿ ಆಗಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆಧಾರ್ ಇದ್ರೆ ತನ್ನಿ. ಇಲ್ಲದಿದ್ರೆ ಶಾಲೆ ಬಿಟ್ಟ ಸರ್ಟಿಫಿಕೇಟ್ ಆದ್ರೂ ನಡೀತದೆ."

ಮೇಷ್ಟ್ರು ನಿವೃತ್ತರು. ಅವರ ಕೈಯಾರೆ ಎಷ್ಟೋ ಮಕ್ಕಳಿಗೆ ಅದನ್ನು ಬರೆದುಕೊಟ್ಟವರು. ಒಂದು ಕ್ಷಣ ಯೋಚಿಸಿದರಂತೆ, ಆಮೇಲೆ ಸುಮ್ನೆ ಮನೆಗೆ ಹೋದರು.

ಈಗ ಎರಡನೇ ಹಂತ. ವಾಕಿಂಗ್ ಟ್ರ್ಯಾಕ್. ನಕ್ಷೆಯಲ್ಲಿ ಗೆರೆ ನೇರವಾಗಿದೆ, ನೆಲದ ಮೇಲೆ ಎರಡು ಗೋರಿ ಅಡ್ಡ ಬರುತ್ತವೆ. ಗೆರೆ ಬಗ್ಗಿಸಿದರೆ ಎಸ್ಟಿಮೇಟ್ ಪರಿಷ್ಕರಿಸಬೇಕು, ಅದಕ್ಕೆ ಕಾರವಾರಕ್ಕೆ ಅಲೆಯಬೇಕು. ಅದಕ್ಕಿಂತ ಗೋರಿ ಸರಿಸುವುದೇ ಸಲೀಸು. ನಿಯಮದ ಪ್ರಕಾರ ನೋಟಿಸ್ ಕೊಟ್ಟಿದ್ದಾರೆ. ಮನೆಯಲ್ಲಿ ಯಾರೂ ಇಲ್ಲದ್ದರಿಂದ ಕಲ್ಲಿಗೇ ಅಂಟಿಸಿದ್ದಾರೆ. 'ಸಂಬಂಧಪಟ್ಟವರು ಹದಿನೈದು ದಿನದೊಳಗೆ ಖುದ್ದಾಗಿ ಹಾಜರಾಗಿ ಲಿಖಿತ ಆಕ್ಷೇಪ ಸಲ್ಲಿಸದಿದ್ದಲ್ಲಿ ಒಪ್ಪಿಗೆ ಇದೆ ಎಂದೇ ಭಾವಿಸಲಾಗುವುದು.'

ಗಡುವಿನೊಳಗೆ ಒಂದು ಅಮಾವಾಸ್ಯೆ ಬರುತ್ತದೆ. ನಮಗಿರುವ ಭರವಸೆ ಅದೊಂದೇ.