ಕ್ವಿಯರ್ ಬರಹಗಾರರ ಓದು ಕೂಟ: ಒಂದು ಸ್ಪಷ್ಟನೆ

ಕಲಬುರಗಿಯಲ್ಲಿ ಕ್ವಿಯರ್ (ಸಲಿಂಗಿ, ದ್ವಿಲಿಂಗಿ, ಲಿಂಗತ್ವ ಅಲ್ಪಸಂಖ್ಯಾತ ಮೊದಲಾದ) ಬರಹಗಾರರು ತಮ್ಮ ಕತೆ, ಕವಿತೆಗಳನ್ನು ಓದುವ ಮಾಸಿಕ ಕೂಟವು ಕಾನೂನುಬಾಹಿರವೆಂದೂ, ಅಲ್ಲಿಗೆ ಬರುವವರೆಲ್ಲ ತಮ್ಮ ಲೈಂಗಿಕತೆಯನ್ನು ಬರೆದುಕೊಡಬೇಕೆಂದೂ ಹೇಳುವ ಸಂದೇಶವೊಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ಸುಳ್ಳು.

ಸಂದೇಶದಲ್ಲಿ ಉಲ್ಲೇಖಿಸಿರುವ, ಸಲಿಂಗ ಲೈಂಗಿಕ ಸಂಬಂಧವನ್ನೂ ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಂ ವಯಸ್ಕರ ನಡುವಿನ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ತೀರ್ಪು ನೀಡಿದೆ. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಆ ಕಲಂ ಇಲ್ಲವೇ ಇಲ್ಲ. ಆ ಕಲಂ ಜಾರಿಯಲ್ಲಿದ್ದಾಗಲೂ ಕವಿತೆ ಓದುವುದನ್ನು ಅಪರಾಧವೆಂದಿರಲಿಲ್ಲ ಎಂಬುದನ್ನು ಸಂದೇಶ ಬರೆದವರು ಗಮನಿಸಿದಂತಿಲ್ಲ. ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು 2023ರಲ್ಲಿ ಅದೇ ನ್ಯಾಯಾಲಯ ನಿರಾಕರಿಸಿದ್ದು ನಿಜವಾದರೂ ಆ ಪ್ರಶ್ನೆಗೂ ಈ ಕೂಟಕ್ಕೂ ಸಂಬಂಧವಿಲ್ಲ.

ಬಾಗಿಲ ಬಳಿಯ ಮೇಜಿನ ಮೇಲೆ ಇಡುವುದು ಓದುವವರ ಸರದಿಯ ಹಾಳೆ ಮಾತ್ರ. ಅದರಲ್ಲಿ ಕಾವ್ಯನಾಮ ಬರೆದರೂ ಸಾಕು, ಕೇಳಲು ಬಂದವರು ಏನನ್ನೂ ಬರೆಯಬೇಕಿಲ್ಲ. ಮನೆಯವರಿಗೆ ತಿಳಿಸದೆ ಬರುವವರೂ ಇರುವುದರಿಂದ ಫೋಟೊ, ವಿಡಿಯೊ ತೆಗೆಯಲು ಅವಕಾಶವಿಲ್ಲ. ಈ ನಿಯಮವನ್ನೇ ಯಾರೋ ‘ಗುಪ್ತ ಸಭೆ’ ಎಂದು ತಿರುಚಿದಂತಿದೆ. ಕನ್ನಡದ ಜೊತೆಗೆ ದಖನಿ ಉರ್ದುವಿನಲ್ಲೂ ಓದಬಹುದು.