ಇಪ್ಪತ್ತನೇ ತಾರೀಖು

ರಾತ್ರಿ ಎರಡು ಗಂಟೆಗೆ ಆಫೀಸಿನ ಮೇಜು, ಪಕ್ಕದಲ್ಲಿ ಖಾಲಿ ಕಾಫಿ ಲೋಟ, ಅದರ ಫೋಟೋ ತೆಗೆದು 'ಅಂತೂ ಡೆಡ್‌ಲೈನ್ ಮುಗಿಸಿದ್ವಿ' ಅಂತ ಸ್ಟೇಟಸ್ ಹಾಕೋರನ್ನ ಕಂಡ್ರೆ ನನಗೆ ಮೆಚ್ಚುಗೆಗಿಂತ ಮೊದಲು ಬರೋದು ಒಂದು ಪ್ರಶ್ನೆ. ಹತ್ತನೇ ತಾರೀಖಿಗೆ ಇವರೆಲ್ಲ ಎಂತ ಮಾಡ್ತಾ ಇದ್ರು? ಹೀಗೆ ಕೇಳಿದ್ದಕ್ಕೆ ಬೈಸಿಕೊಂಡಿದ್ದೀನಿ, ಇವತ್ತೂ ಬೈಸಿಕೊಳ್ಳೋಕೆ ತಯಾರಾಗೇ ಬರೀತಿದ್ದೀನಿ. ಒತ್ತಡದಲ್ಲಿ ವರ್ಷಪೂರ್ತಿ ಚೆನ್ನಾಗಿ ಕೆಲಸ ಮಾಡೋರು ಬೇರೆ, ಒತ್ತಡ ಬಂದಾಗ ಮಿಂಚೋರು ಬೇರೆ. ನಾವು ಚಪ್ಪಾಳೆ ಹೊಡೆಯೋದು ಮಾತ್ರ ಯಾವಾಗ್ಲೂ ಎರಡನೆಯವರಿಗೆ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮದೊಂದು ಸಣ್ಣ ಟ್ಯಾಕ್ಸ್ ಆಫೀಸು. ಅಡಿಕೆ ಮಂಡಿಯವರು, ಹಾರ್ಡ್‌ವೇರ್ ಅಂಗಡಿಯವರು, ಗೊಬ್ಬರದ ವ್ಯಾಪಾರಿಗಳು, ಒಂದೆರಡು ಲಾರಿ ಇಟ್ಟುಕೊಂಡವರು, ಇಂಥವರ ಲೆಕ್ಕ ಬರೆದುಕೊಡೋದು ನಮ್ಮ ಕಸುಬು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಿನಿಂದ ನಮ್ಮ ಪಂಚಾಂಗವೇ ಬೇರೆ. ತಿಂಗಳಿಗೊಮ್ಮೆ ರಿಟರ್ನ್ ಹಾಕೋರಿಗೆ 11ಕ್ಕೆ ಮಾರಾಟದ ವಿವರ, ಅಂದ್ರೆ ಜಿಎಸ್‌ಟಿಆರ್-1. 14ಕ್ಕೆ ಪೋರ್ಟಲ್‌ನಲ್ಲಿ 2ಬಿ ಬರುತ್ತೆ, ಯಾರ್ಯಾರು ನಿಮಗೆ ಮಾಲು ಮಾರಿದ್ದಾಗಿ ತೋರಿಸಿದ್ದಾರೆ ಅನ್ನೋ ಪಟ್ಟಿ ಅದು. 20ಕ್ಕೆ 3ಬಿ, ಅಂದ್ರೆ ತೆರಿಗೆ ಕಟ್ಟಿ ಕೈತೊಳೆಯೋ ದಿನ. ಗೌರಿ ಹಬ್ಬ ಬರಲಿ, ಮನೇಲಿ ಮದುವೆ ಇರಲಿ, 20 ಅಂದ್ರೆ 20. ದಾಟಿದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ನಿಲ್ ರಿಟರ್ನ್, ಅಂದ್ರೆ ಆ ತಿಂಗಳು ವ್ಯಾಪಾರವೇ ಇಲ್ಲದ್ದು ಆದ್ರೆ 20 ರೂಪಾಯಿ. ಬಾಕಿ ತೆರಿಗೆಗೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಬೇರೆ. ದುಡ್ಡಿನದ್ದು ಹಾಗಿರಲಿ, 3ಬಿಗೆ ಇನ್ನೊಂದು ಗುಣ ಇದೆ. ಒಂದು ಸಲ ಫೈಲ್ ಆದಮೇಲೆ ತಿದ್ದೋಕೆ ಬರಲ್ಲ. ತಪ್ಪಿದ್ರೆ ಮುಂದಿನ ತಿಂಗಳ ರಿಟರ್ನ್‌ನಲ್ಲಿ ಸರಿಮಾಡಿಕೊಳ್ಳಬೇಕು, ನೋಟಿಸ್ ಬಂದ್ರೆ ಉತ್ತರ ಬರೆಯಬೇಕು.

ಬೆಂಗಳೂರಿನವರಿಗೆ ಇಷ್ಟೇ. ನಮಗೆ ಇದರ ಮೇಲೆ ಮಳೆಗಾಲ.

ರಿಟರ್ನ್ ಸಲ್ಲಿಸೋಕೆ ಬೇಕಾದ ಓಟಿಪಿ ಹೋಗೋದು ವ್ಯಾಪಾರಿಯ ಮೊಬೈಲಿಗೆ. ವ್ಯಾಪಾರಿ ಜುಲೈಯಲ್ಲಿ ಹೊಸನಗರದ ಆಚೆ ತನ್ನ ತೋಟದ ಮನೇಲಿ ಕೂತಿರ್ತಾರೆ, ಯಾಕಂದ್ರೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸೋಕೆ ಮಳೆ ಒಂದು ಅರ್ಧ ದಿನ ಬಿಡುವು ಕೊಟ್ಟೀತಾ ಅಂತ ಕಾಯೋ ಕಾಲ ಅದು. ಆ ಮನೇಲಿ ಟವರ್ ಸಿಗೋದು ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ಮಾತ್ರ. ಕೊಡೆ ಹಿಡ್ಕೊಂಡು ದಿಬ್ಬ ಹತ್ತೋಣ ಅಂದ್ರೆ ಮಗ ಬೆಂಗಳೂರಲ್ಲಿ, ಇವರಿಗೆ ಮಂಡಿನೋವು.

"ಅಣ್ಣಾ, ಓಟಿಪಿ ಬಂತಾ?"

"ಎಲ್ಲಿ ಬರ್ತದೆ ತಂಗೀ, ಕರೆಂಟು ಹೋಗಿ ಮೂರು ದಿನ ಆಯ್ತು. ಈ ಫೋನೂ ಈಗ ಸಾಯ್ತದೆ. ನೀವೇ ಎಂತಾದ್ರೂ ಮಾಡಿ."

ಈ ಸಂಭಾಷಣೆ 20ರ ರಾತ್ರಿ ಒಂಬತ್ತಕ್ಕೆ ನಡೆದ್ರೆ ಅದು ನಾಟಕ. 16ರ ಬೆಳಿಗ್ಗೆ ನಡೆದ್ರೆ ಬರೀ ಫೋನ್ ಕಾಲ್.

ನಮ್ಮಲ್ಲೊಬ್ಬರು ರಿಪ್ಪನ್‌ಪೇಟೆ ಕಡೆಯವರಿದ್ದಾರೆ. ವಯಸ್ಸಲ್ಲಿ ಹಿರಿಯರು, ಆಫೀಸಿಗೆಲ್ಲ ಅಕ್ಕ. ಕಾಮರ್ಸ್ ಡಿಗ್ರಿ ಇಲ್ಲ, ಮುಂಚೆ ಮಂಡಿಯಲ್ಲಿ ಗುಮಾಸ್ತಿಕೆ ಮಾಡ್ತಿದ್ರು. ಅವರ ಹತ್ರ ಒಂದು ಲಾಂಗ್ ಬುಕ್ ಇದೆ, ಮಳೆಗೆ ಅಂಚು ಉಬ್ಬಿ ದಪ್ಪಗಾಗಿರೋದು. ಗಿರಾಕಿಗಳ ಹೆಸರಿನ ಮುಂದೆ ಬಿಲ್ಲು ಬಂದ ತಾರೀಖು, ಬಾಕಿ ಎಷ್ಟು ಅನ್ನೋದೆಲ್ಲ ಇರುತ್ತೆ, ಅದು ಎಲ್ಲರ ಪುಸ್ತಕದಲ್ಲೂ ಇರೋದೇ. ಅಕ್ಕನ ಪುಸ್ತಕದಲ್ಲಿ ಕೊನೆಗೊಂದು ಹೆಚ್ಚಿನ ಕಾಲಂ ಇದೆ. ಅದರಲ್ಲಿ ಬರೆದಿರೋದು ಹೀಗೆ: 'ಸಂಜೆ 7ರ ಮೇಲೆ ಸಿಗ್ತಾರೆ', 'ಗುರುವಾರ ಸಂತೆಗೆ ಬರ್ತಾರೆ, ಆವಾಗ ಟವರ್ ಉಂಟು', 'ಇವರಿಗೆ ಹೇಳಿದ್ರೆ ಮರೀತಾರೆ, ಅಮ್ಮನಿಗೆ ಹೇಳು', 'ಈಮೇಲ್ ಮಗಳದ್ದು'. ಈ ಕೊನೆಯದ್ದು ಅಕ್ಕ ತಾನೇ ಹುಡುಕಿದ ದಾರಿ. ಓಟಿಪಿ ಮೊಬೈಲ್ ಜೊತೆಗೆ ಈಮೇಲಿಗೂ ಹೋಗುತ್ತಲ್ಲ, ಟವರ್ ಇಲ್ಲದ ಮನೆಯವರನ್ನ ಒಪ್ಪಿಸಿ, ಪೇಟೆಯಲ್ಲಿ ಓದೋ ಮಕ್ಕಳು ದಿನಾ ನೋಡೋ ಈಮೇಲನ್ನೇ ರಿಜಿಸ್ಟರ್ ಮಾಡಿಸಿದ್ರು. ಅದನ್ನ ಮಾಡಿದ್ದು ಬೇಸಿಗೆಯಲ್ಲಿ, ಯಾವ ಗಡಿಬಿಡಿಯೂ ಇಲ್ಲದ ಒಂದು ಮಧ್ಯಾಹ್ನ.

20ರ ದಿನ ಅಕ್ಕನ ಮೇಜಿನ ಮೇಲೆ ಉಳಿದಿರೋದು ನಿಜವಾಗಿ ತಲೆಕೆಡಿಸೋ ಎರಡು ಮೂರು ಫೈಲು ಮಾತ್ರ. ಆರು ಗಂಟೆಗೆ ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೀತಾರೆ. ಅದೇ ಹೊತ್ತಿಗೆ ಹುಡುಗನೊಬ್ಬ ತೋಳು ಮಡಚಿಕೊಂಡು ರಣರಂಗಕ್ಕಿಳಿದಿರ್ತಾನೆ. ಬುದ್ಧಿವಂತ, ಕೀಬೋರ್ಡ್ ಮೇಲೆ ಕೈ ಓಡೋದು ನೋಡೋಕೇ ಚೆಂದ. ಹೊರಗಿನಿಂದ ಬಂದವರಿಗೆ 'ಈ ಆಫೀಸು ನಿಂತಿರೋದೇ ಇವನಿಂದ' ಅನ್ನಿಸುತ್ತೆ.

ಒತ್ತಡ ಇದ್ರೇನೇ ಕೆಲಸ ಚೆನ್ನಾಗಿ ಆಗೋದು ಅನ್ನೋರಿದ್ದಾರೆ. ಪೂರ್ತಿ ಸುಳ್ಳಲ್ಲ. 1908ರಲ್ಲಿ ಯರ್ಕಿಸ್ ಮತ್ತು ಡಾಡ್ಸನ್ ಅನ್ನೋ ಇಬ್ಬರು ಅಮೆರಿಕದಲ್ಲಿ ಇಲಿಗಳಿಗೆ ಸಣ್ಣ ಸಣ್ಣ ಶಾಕ್ ಕೊಟ್ಟು ದಾರಿ ಕಲಿಸೋ ಪ್ರಯೋಗ ಮಾಡಿದ್ರು. ಸುಲಭದ ಕೆಲಸ ಆದ್ರೆ ಶಾಕ್ ಜೋರಾದಷ್ಟೂ ಬೇಗ ಕಲಿತವು. ಕಷ್ಟದ ಕೆಲಸ ಕೊಟ್ಟಾಗ ಒಂದು ಮಟ್ಟ ದಾಟಿದ ಶಾಕ್ ಕಲಿಕೆಯನ್ನೇ ಕೆಡಿಸ್ತು. ಇಲಿಯಿಂದ ಮನುಷ್ಯರಿಗೆ ಹಾರೋವಾಗ ಹುಷಾರಾಗಿರಬೇಕು, ಒಪ್ತೀನಿ. ಆದರೆ ನಮ್ಮ ಆಫೀಸಲ್ಲಿ ನಾನು ಕಣ್ಣಾರೆ ನೋಡೋದೂ ಅದನ್ನೇ. ಬಿಲ್ ನಂಬರ್ ಟೈಪ್ ಮಾಡೋದು 20ರ ರಾತ್ರಿ ಸಲೀಸಾಗಿ ಆಗುತ್ತೆ, ಮಾಮೂಲಿಗಿಂತ ಬೇಗಾನೇ ಆಗುತ್ತೆ. ಖರೀದಿ ಪುಸ್ತಕವನ್ನ 2ಬಿ ಜೊತೆ ತಾಳೆ ನೋಡೋದು ಆಗಲ್ಲ. ಹುಬ್ಬಳ್ಳಿಯ ಸಪ್ಲೈಯರ್ ಬಿಲ್ಲು ಯಾಕೆ ಬಂದಿಲ್ಲ, ಹೊರರಾಜ್ಯದ ಬಿಲ್ಲಿನ ಐಜಿಎಸ್‌ಟಿಯನ್ನ ಯಾರು ರಾಜ್ಯದೊಳಗಿನ ವ್ಯಾಪಾರಕ್ಕಿರೋ ಎಸ್‌ಜಿಎಸ್‌ಟಿ ಕಾಲಂಗೆ ಹಾಕಿದ್ದು, ಇಂಥದ್ದಕ್ಕೆ ತಲೆ ತಣ್ಣಗಿರಬೇಕು. ರಾತ್ರಿ ಹನ್ನೆರಡಕ್ಕೆ ಕಣ್ಣಿಗೆ ಅಂಕಿ ಕಾಣುತ್ತೆ, ತಪ್ಪು ಕಾಣಲ್ಲ.

ಇನ್ನೊಂದು ಮಾತು, 'ಟೈಮು ಜಾಸ್ತಿ ಕೊಟ್ರೆ ಸರಿಹೋಗುತ್ತೆ' ಅನ್ನೋದು. 2025ರಲ್ಲಿ ಕೊಟ್ರಲ್ಲ! ಆದಾಯ ತೆರಿಗೆ ರಿಟರ್ನಿನ ಗಡುವು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹೋಯ್ತು. ಒಂದೂವರೆ ತಿಂಗಳು. ಆದ್ರೂ ಕೊನೇ ದಿನ ಅದೇ ಪರದಾಟ, ಮತ್ತೆ ಒಂದು ದಿನ ಮುಂದಕ್ಕೆ ಹಾಕಿ 16 ಮಾಡಬೇಕಾಯ್ತು. ಆಗಸ್ಟಿನಲ್ಲಿ ಫೋನ್ ಮಾಡಿದ್ರೆ 'ಇನ್ನೂ ಟೈಮ್ ಇದೆಯಲ್ಲ ಮೇಡಂ' ಅಂದವರೇ ಕೊನೇ ವಾರ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ರು.

ಒತ್ತಡದಲ್ಲಿ ಕೆಲಸ ಅಂದ್ರೆ ಏನು ಅಂತ ನಿಜವಾಗಿ ನೋಡಬೇಕು ಅಂದ್ರೆ ಮಳೆಗಾಲದಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆ ಲೈನ್‌ಮ್ಯಾನ್‌ಗಳನ್ನ ನೋಡಿ. ಗಾಳಿಗೆ ಮರ ಬಿದ್ದು ಇಲೆವೆನ್ ಕೆವಿ, ಅಂದ್ರೆ ಹನ್ನೊಂದು ಸಾವಿರ ವೋಲ್ಟಿನ ತಂತಿ ನೆಲ ಕಂಡಿರುತ್ತೆ. ನಾಲ್ಕು ಊರು ಕತ್ತಲೆ. ಜೇಬಲ್ಲಿ ಫೋನು ಬಡ್ಕೊಳ್ತಾನೇ ಇರುತ್ತೆ, ಎತ್ತಿದ್ರೆ ಬೈಗುಳ. ಅಂಥಾ ಹೊತ್ತಲ್ಲೂ ಆತ ಮೊದಲು ಮಾಡೋದು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ತಗೊಳ್ಳೋದು. ಅಲ್ಲಿ ಆಪರೇಟರ್ ಫೀಡರ್ ಆಫ್ ಮಾಡಿ, ರಿಜಿಸ್ಟರಲ್ಲಿ ಬರೆದು, ನಂಬರ್ ಹೇಳ್ತಾರೆ. ಆಮೇಲೆ ಈ ಕಡೆ ಕಂಬದ ಸ್ವಿಚ್ ಎಳೆದು, ಬ್ಲೇಡು ನಿಜವಾಗ್ಲೂ ಬಿಟ್ಟುಕೊಂಡಿದೆಯಾ ಅಂತ ಟಾರ್ಚ್ ಬಿಟ್ಟು ನೋಡಬೇಕು. ಆಮೇಲೆ ತಂತಿಯನ್ನ ಭೂಮಿಗೆ ಸೇರಿಸೋ ಅರ್ತ್ ರಾಡ್ ಸಿಕ್ಕಿಸಬೇಕು. ಸಬ್‌ಸ್ಟೇಷನ್ನಲ್ಲಿ ಆಫ್ ಆಗಿದೆಯಲ್ಲ, ಇದ್ಯಾಕೆ ಅಂತೀರಾ? ಯಾರದ್ದೋ ಮನೆ ಜನರೇಟರ್ ಸರಿಯಾಗಿ ಕನೆಕ್ಟ್ ಮಾಡದೆ ಇದ್ರೆ ಕರೆಂಟು ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹರಿದು ಅದೇ ತಂತಿಗೆ ಬರುತ್ತೆ, ಅದೂ ಇಲೆವೆನ್ ಕೆವಿಗೆ ಏರಿಕೊಂಡು. ಕೆಲಸ ಮುಗಿದ ಮೇಲೆ ರಾಡ್ ತೆಗೆದು, ಜೊತೆಗಿದ್ದವರೆಲ್ಲ ಕೆಳಗಿಳಿದ್ರಾ ನೋಡಿಕೊಂಡು, ಲೈನ್ ಕ್ಲಿಯರ್ ವಾಪಸ್ ಕೊಡಬೇಕು.

ಈ ಕೆಲಸದಲ್ಲಿ ಧೈರ್ಯ ಬೇಕು, ಇಲ್ಲ ಅನ್ನಲ್ಲ. ಆದರೆ ಊರಿನವರ ಸಿಟ್ಟಿಗೆ ಹೆದರಿ ಒಂದು ಹೆಜ್ಜೆ ಹಾರಿಸೋ ಧೈರ್ಯಶಾಲಿ ಆ ಕೆಲಸದಲ್ಲಿ ಬಹಳ ಮಳೆಗಾಲ ಕಾಣಲ್ಲ. ಬಿಸಿಲು ಕಾಲದ ಮೆಂಟೆನೆನ್ಸ್ ದಿನ ಯಾವ ಕ್ರಮವೋ, ಜಡಿಮಳೆಯ ರಾತ್ರಿಯೂ ಅದೇ ಕ್ರಮ, ಅದೇ ವೇಗ. ಹೊಸದಾಗಿ ಏನನ್ನೂ ಆ ಹೊತ್ತಲ್ಲಿ ತೀರ್ಮಾನ ಮಾಡೋಕೆ ಬಿಟ್ಟಿರಲ್ಲ.

ಹಾಗಂತ ಎಲ್ಲದಕ್ಕೂ ಒಂದು ಫಾರ್ಮ್ ಪ್ರಿಂಟ್ ಹಾಕಿ ಟಿಕ್ ಮಾಡಿಸಿದ್ರೆ ಆಯ್ತು ಅಂದುಕೊಳ್ಳೋ ಮ್ಯಾನೇಜರುಗಳಿಗೆ ಒಂದು ಕಥೆ. ಆಪರೇಷನ್ ಥಿಯೇಟರಿನಲ್ಲಿ ಪಾಲಿಸಬೇಕಾದ 19 ಅಂಶಗಳ ಪಟ್ಟಿಯನ್ನ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂತು. ರೋಗಿ ಇವರೇನಾ, ಕೊಯ್ಯಬೇಕಾದ ಜಾಗ ಇದೇನಾ, ಕೋಣೆಯಲ್ಲಿ ಇರೋರೆಲ್ಲ ಹೆಸರು ಹೇಳಿ ಪರಿಚಯ ಮಾಡಿಕೊಂಡ್ರಾ, ಇಂಥವೇ ಸರಳ ವಿಷಯ. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ನೋಡಿದಾಗ ಆಪರೇಷನ್ ನಂತರದ ಸಾವು ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಆ ವರದಿ ಬಂದಿದ್ದು 2009ರಲ್ಲಿ. ಕೆನಡಾದ ಒಂಟಾರಿಯೊ ಪ್ರಾಂತ್ಯ ಇಂಥದ್ದೇ ಪಟ್ಟಿಯನ್ನ ಎಲ್ಲ ಕಡೆ ಜಾರಿಗೆ ತಂತು. 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಬಂದಾಗ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಏನೂ ಇರಲಿಲ್ಲ. ಪಟ್ಟಿ ಹೆಚ್ಚುಕಮ್ಮಿ ಅದೇ. ನನಗನ್ನಿಸೋದು, ಅದನ್ನ ತಮ್ಮದು ಅಂತ ಮಾಡಿಕೊಂಡವರಿಗೂ ಮೇಲಿನವರು ಹೇಳಿದ್ದಕ್ಕೆ ಟಿಕ್ ಹಾಕಿದವರಿಗೂ ಇರೋ ವ್ಯತ್ಯಾಸ ಅದು. ಅಕ್ಕನ ಕೊನೇ ಕಾಲಂ ಅಕ್ಕನೇ ಗೆರೆ ಎಳೆದಿದ್ದು. ನಾನು ಎಕ್ಸೆಲ್‌ನಲ್ಲಿ ಹಾಕಿ ಎಲ್ಲರಿಗೂ ಕಡ್ಡಾಯ ಮಾಡಿದ್ರೆ ಎಲ್ಲರೂ 'ಎನ್ಎ' ಅಂತ ತುಂಬಿಸ್ತಾರೆ, ಗೊತ್ತಿದೆ ನಂಗೆ.

ಈಗ ನನ್ನ ನಿಜವಾದ ತಕರಾರಿಗೆ ಬರ್ತೀನಿ. ಕೆಲಸ ಸಲೀಸಾಗಿ ಮುಗಿಸೋರಿಗೆ ಈ ನಾಡಲ್ಲಿ ಸಿಗೋ ಬಹುಮಾನ ಅಂದ್ರೆ ಇನ್ನಷ್ಟು ಕೆಲಸ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತಾರಲ್ಲ, ಅದೇ. ಹಿಂದೆ ನಾನು ದುಡಿದ ಒಂದು ಕಡೆ ಮಾರ್ಚ್ ಮುಗೀತು ಅಂದ್ರೆ ಏಪ್ರಿಲ್‌ನಲ್ಲೊಂದು ಸನ್ಮಾನ. ಶಾಲು, ಹಾರ, ಫಲಕ. ಯಾವಾಗ್ಲೂ 31ರ ರಾತ್ರಿ ಮಲಗದೇ ಇದ್ದವರಿಗೇ. ಜನವರಿಯಿಂದಲೇ ಫೈಲು ಕ್ಲಿಯರ್ ಮಾಡುತ್ತಾ ಬಂದವರು ಕುರ್ಚಿ ಜೋಡಿಸೋಕೆ. ಅಲ್ಲಿಯ ಹುಡುಗರು ಎರಡೇ ವರ್ಷಕ್ಕೆ ಪಾಠ ಕಲಿತರು. ಬೇಗ ಮುಗಿಸಿದ್ರೂ ಮುಗಿಸಿದೆ ಅಂತ ಹೇಳಬಾರದು, 31ಕ್ಕೆ ಮುಖ ಬಾಡಿಸಿಕೊಂಡು ಓಡಾಡಬೇಕು. ಏನೂ ಅನಾಹುತ ಆಗಲಿಲ್ಲ ಅನ್ನೋದನ್ನ ಸಾಧನೆ ಅಂತ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ.

ಯಜಮಾನರು ಹೇಗಿರ್ತಾರೆ ಅನ್ನೋದರ ಮೇಲೆ ಎಷ್ಟು ನಿಂತಿದೆ ನೋಡಿ. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದ್ರು. ಮೊದಲ ಇನಿಂಗ್ಸಲ್ಲಿ ಸೊನ್ನೆ. ಅವತ್ತು ಕ್ಯಾಪ್ಟನ್ ಪಟೌಡಿ ಬಂದು, ಚಿಂತೆ ಮಾಡಬೇಡ, ನೀನು ನೂರು ಹೊಡೀತೀಯ ಅನ್ನೋ ಅರ್ಥದ ಮಾತು ಹೇಳಿದ್ರಂತೆ, ವಿಶ್ವನಾಥ್ ಅವರೇ ಹೇಳಿಕೊಂಡಿದ್ದಾರೆ. ಎರಡನೇ ಇನಿಂಗ್ಸಲ್ಲಿ 137. ಜನ ನೆನಪಿಟ್ಟುಕೊಂಡಿರೋದು 1975ರ ಜನವರಿಯ ಮದ್ರಾಸ್ ಟೆಸ್ಟು: ವೆಸ್ಟ್ ಇಂಡೀಸಿನ ವೇಗಿ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತ 190ಕ್ಕೆ ಆಲೌಟ್, ಅದರಲ್ಲಿ ವಿಶಿ ಒಬ್ಬರದ್ದೇ ಔಟಾಗದೆ 97. ನಮ್ಮಪ್ಪನ ಪೀಳಿಗೆಯವರು ಅದನ್ನ ಹೇಳೋಕೆ ಶುರು ಮಾಡಿದ್ರೆ ಊಟ ತಣ್ಣಗಾಗ್ತಿತ್ತು. ನನಗೆ ಮಾತ್ರ ಆ ಕಾನ್ಪುರದ ಸಂಜೆಯ ಮಾತೇ ದೊಡ್ಡದು ಅನ್ನಿಸುತ್ತೆ. ಸೊನ್ನೆ ಹೊಡೆದ ಇಪ್ಪತ್ತರ ಹುಡುಗನನ್ನ ಎಲ್ಲರೆದುರು ನಿಲ್ಲಿಸಿ 'ಏನ್ರೀ ಇದು' ಅನ್ನೋ ಯಜಮಾನರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಂಥವರ ಕೈಕೆಳಗೆ ತಪ್ಪು ಕಡಿಮೆ ಆಗಲ್ಲ, ತಪ್ಪು ಬಚ್ಚಿಡೋ ಕಲೆ ಬೆಳೆಯುತ್ತೆ.

ಒಂದು ಮಾತನ್ನ ನುಂಗಿಕೊಂಡು ಹೋದ್ರೆ ಮೋಸ ಆಗುತ್ತೆ. ಮೂರು ಜನರ ಕೆಲಸ ಒಬ್ಬರ ತಲೆ ಮೇಲೆ ಹೇರಿದ ಕಡೆ ಲಾಂಗ್ ಬುಕ್ಕೂ ಉಪಯೋಗಕ್ಕೆ ಬರಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಧ್ಯಾನ ಮಾಡಿದ್ರೂ ಬರಲ್ಲ. ಒಬ್ಬರೇ ನರ್ಸ್ ಇರೋ ರಾತ್ರಿ ಪಾಳಿಯ ವಾರ್ಡು, ಒಬ್ಬನೇ ಲೈನ್‌ಮ್ಯಾನ್ ಹತ್ತಾರು ಊರು ನೋಡಿಕೊಳ್ಳೋ ಕಾಡಿನ ಹಾದಿ, ಅಲ್ಲಿ 'ಟೈಮ್ ಮ್ಯಾನೇಜ್‌ಮೆಂಟ್' ಅಂತ ತರಬೇತಿ ಇಟ್ಟು ಬಿಸ್ಕತ್ತು ಕೊಟ್ಟು ಕಳಿಸೋದು ಅವಮಾನ. ಅಲ್ಲಿ ಬೇಕಿರೋದು ಇನ್ನೊಬ್ಬ ಮನುಷ್ಯ. ನಮ್ಮ ಆಫೀಸಲ್ಲೂ ಅಷ್ಟೇ, ಇರೋ ಕೈಗಳಿಗೆ ಆಗೋದಕ್ಕಿಂತ ಹೆಚ್ಚು ಗಿರಾಕಿಗಳನ್ನ ತಗೊಳ್ಳಬಾರದು ಅಂತ ತೀರ್ಮಾನ ಮಾಡಿದ್ದೀವಿ. ಬಂದ ಲಕ್ಷ್ಮಿಯನ್ನ ಬಾಗಿಲಿಂದ ವಾಪಸ್ ಕಳಿಸ್ತೀರಲ್ಲ ಅಂತ ನಮ್ಮ ಮಾವನಿಗೆ ಇನ್ನೂ ಸಿಟ್ಟಿದೆ.

ಈ ವರ್ಷದಿಂದ ಇನ್ನೊಂದು ಹೊಸ ನಿಯಮ. ತಿಂಗಳ 8ರೊಳಗೆ ಬಿಲ್ಲು ಕೊಟ್ಟವರಿಗೆ ಹಳೇ ಫೀಸು, ಆಮೇಲೆ ಕೊಟ್ಟವರಿಗೆ ಹೆಚ್ಚು, ಆ ಹೆಚ್ಚಿನ ದುಡ್ಡು ಯಾರು ಆ ಫೈಲ್ ಮಾಡ್ತಾರೋ ಅವರಿಗಲ್ಲ, 20ರೊಳಗೆ ಮೇಜು ಖಾಲಿ ಮಾಡಿದವರಿಗೆ. ಹುಡುಗನಿಗೆ ಇದು ಅನ್ಯಾಯ ಅನ್ನಿಸಿದೆ, ಎರಡು ದಿನ ಮಾತು ಬಿಟ್ಟಿದ್ದ. ಈಗ ಅವನೂ ಒಂದು ಲಾಂಗ್ ಬುಕ್ ತಂದಿದ್ದಾನೆ, ಇನ್ನೂ ರಟ್ಟು ಹೊಸದು. ಮಂಡಿಯವರು ಮಾತ್ರ ಎಂದಿನಂತೆ ಚೀಲದಲ್ಲಿ ತುಂಬಿಸಿಟ್ಟ ಬಿಲ್ಲು ಹಾಗೇ ಇಟ್ಟುಕೊಂಡು ಕೂತಿದ್ದಾರೆ. ಇದನ್ನ ಓದ್ತಾ ಇದ್ರೆ, ಅಣ್ಣಂದಿರೇ, ಲೈಕ್ ಒತ್ತೋದು ಬೇಡ, ನಾಳೆ ಬೆಳಿಗ್ಗೆ ಆ ಚೀಲ ಕಳಿಸಿಕೊಡಿ.