ಇಬ್ಬರೂ ‘ಬನ್ನಿ’ ಎಂದಾಗ

ನನ್ನ ಬಾವಮೈದುನನ ಶಾಮಿಯಾನ ಅಂಗಡಿಗೆ ನಾನೇ ಕಟ್ಟಿಕೊಟ್ಟ ಜಾಲತಾಣದಲ್ಲಿ ಕಳೆದ ಶನಿವಾರ ಬೆಳಗ್ಗೆಯಿಂದ ಕುರ್ಚಿಗಳ ಲೆಕ್ಕವೇ ಕಾಣದಾಯಿತು. ಪುಟ ಬರುವುದು ಒಂದು ವಿಳಾಸದಿಂದ, ಲೆಕ್ಕ ಕೊಡುವ ಪಿಎಚ್‌ಪಿ ಸ್ಕ್ರಿಪ್ಟ್ ಇರುವುದು ಇನ್ನೊಂದರಲ್ಲಿ. ಆದ್ದರಿಂದ ‘ಯಾರು ಬೇಕಾದರೂ ಓದಬಹುದು’ ಎಂದು ಸಾರುವ ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್ ಎಂಬ ಹೆಡರ್ (ಉತ್ತರದ ತಲೆಯಲ್ಲಿ ಬರುವ ಸೂಚನೆಯ ಸಾಲು) ಉತ್ತರದ ಜೊತೆ ಇರದಿದ್ದರೆ ಬ್ರೌಸರ್ ಅದನ್ನು ಪುಟದ ಕೈಗೆ ಕೊಡುವುದಿಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಅದು ಇತ್ತು. ಹಿಂದಿನ ರಾತ್ರಿ, ಇನ್ನಷ್ಟು ಭದ್ರವಾಗಿರಲೆಂದು, ಆ ಸ್ಕ್ರಿಪ್ಟಿನ ಉತ್ತರಗಳನ್ನು ಹೊರಗೆ ಕಳಿಸುವ ಎಂಜಿನ್‌ಎಕ್ಸ್ ಸರ್ವರಿನ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲೂ ಅದನ್ನೇ ಬರೆದು ನೆಮ್ಮದಿಯಿಂದ ಮಲಗಿದ್ದೆ.

ಬ್ರೌಸರಿನ ಹಂಗಿಲ್ಲದೆ ಸರ್ವರಿನ ಉತ್ತರ ತರಿಸಿ ತೋರಿಸುವ ಕರ್ಲ್ ಓಡಿಸಿ ನೋಡಿದರೆ ಉತ್ತರ ಸರಿಯಾಗಿಯೇ ಬರುತ್ತಿತ್ತು. ಹೆಡರ್ ಒಂದರ ಕೆಳಗೊಂದು ಎರಡು ಸಲ, ‘ಯಾರು ಬೇಕಾದರೂ’ ಎಂಬರ್ಥದ ನಕ್ಷತ್ರ ಚಿಹ್ನೆಯ ಸಮೇತ ನಿಂತಿತ್ತು. ಅದನ್ನು ಕಂಡು ನನಗೆ ಸಂತೋಷವೇ ಆಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ತಪ್ಪುಗಳನ್ನು ತೋರಿಸುವ ಬ್ರೌಸರಿನ ಕನ್ಸೋಲಿನಲ್ಲಿ ಮಾತ್ರ ಕೆಂಪಕ್ಷರ: ‘ನಕ್ಷತ್ರ, ನಕ್ಷತ್ರ’ ಎಂದು ಎರಡು ಮೌಲ್ಯಗಳಿವೆ, ಒಂದಕ್ಕಷ್ಟೇ ಅವಕಾಶ. ಕಾನ್ಫಿಗ್‌ನಲ್ಲಿ ನಾನು ಬರೆದಿದ್ದ ಎಂಜಿನ್‌ಎಕ್ಸಿನ ಆ್ಯಡ್-ಹೆಡರ್ ಎಂಬ ಆಜ್ಞೆ ತನ್ನ ಹೆಸರಿಗೆ ತಕ್ಕಂತೆ ಸೇರಿಸುತ್ತದೆಯೇ ಹೊರತು ಸ್ಕ್ರಿಪ್ಟ್ ಬರೆದದ್ದನ್ನು ಅಳಿಸುವುದಿಲ್ಲ. ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೇ ಬಾಗಿಲಿಗೆ ಬಂದು ‘ಬನ್ನಿ’ ಎಂದರೆ, ಮನೆಯ ಯಜಮಾನರು ಯಾರೆಂದು ತಿಳಿಯದೆ ಹೊಸಿಲಿನಿಂದಲೇ ಹಿಂದಿರುಗುವ ನೆಂಟನ ಜಾಯಮಾನ ಬ್ರೌಸರಿನದು.

ಇದಕ್ಕಿಂತ ಸೋಜಿಗವೆಂದರೆ, ಇಲ್ಲದ ಸಾಮಾನಿನ ನಂಬರು ಒತ್ತಿದಾಗ ಸ್ಕ್ರಿಪ್ಟ್ ಕಳಿಸುವ 404, ಅಂದರೆ ‘ಸಿಗಲಿಲ್ಲ’ ಎಂಬ ಸಂಕೇತದ ಉತ್ತರ, ಮಾತ್ರ ಯಾವ ಅಡ್ಡಿಯೂ ಇಲ್ಲದೆ ಪುಟ ತಲುಪಿ ‘ಅಂಥ ಸಾಮಾನಿಲ್ಲ’ ಎಂದು ಅಚ್ಚುಕಟ್ಟಾಗಿ ಹೇಳುತ್ತಿತ್ತು. ಇದ್ದ ಕುರ್ಚಿಯ ಸುದ್ದಿಯಿಲ್ಲ, ಇಲ್ಲದ ಕೊಪ್ಪರಿಗೆಯ ಸುದ್ದಿ ಸಾಂಗವಾಗಿ ಬರುತ್ತಿದೆ! ಆ್ಯಡ್-ಹೆಡರ್ 200 (‘ಸರಿ’), 204, 301, 304ರಂಥ ಕೆಲವೇ ಸಂಕೇತಗಳ ಉತ್ತರಗಳಿಗೆ ಅನ್ವಯಿಸುತ್ತದೆ, 404 ಆ ಪಟ್ಟಿಯಲ್ಲಿಲ್ಲ ಎಂಬುದು ಮಧ್ಯಾಹ್ನದ ಊಟ ಆರಿ ತಣ್ಣಗಾದ ಮೇಲೆ ಹೊಳೆಯಿತು. ತಪ್ಪು ಉತ್ತರಕ್ಕೆ ಸ್ಕ್ರಿಪ್ಟಿನದೊಂದೇ ಹೆಡರ್, ಸರಿಯುತ್ತರಕ್ಕೆ ಎರಡು.

ಸ್ಕ್ರಿಪ್ಟಿನ ಸಾಲನ್ನು ಅಳಿಸಿದೆ. ಕುರ್ಚಿಗಳು ಬಂದವು, 404 ಪುಟಕ್ಕೆ ತಲುಪದೆ ನಿಂತಿತು. ಈಗ ಅದಕ್ಕೆ ಒಂದು ಹೆಡರೂ ಉಳಿದಿರಲಿಲ್ಲವಲ್ಲ. ಕಾನ್ಫಿಗ್‌ನ ಆ ಸಾಲಿನ ತುದಿಗೆ ಯಾವ ಉತ್ತರವಾದರೂ ಹೆಡರ್ ಹಾಕು ಎನ್ನುವ ‘ಆಲ್ವೇಸ್’ ಎಂಬ ಒಂದು ಪದ ಸೇರಿಸಿ ಸರ್ವರನ್ನು ರೀಲೋಡ್ ಮಾಡಿದ ಮೇಲೆಯೇ ಎರಡೂ ದಾರಿಗೆ ಬಂದವು.

ಸಂಜೆ ಬಾವಮೈದುನ ಫೋನ್ ಮಾಡಿದ. “ನಿನ್ನೆಯವರೆಗೂ ಚೆನ್ನಾಗಿತ್ತಲ್ಲ ಭಾವ, ಏನಾಗಿತ್ತು?”

“ಸರ್ವರ್ ಕಡೆಯಿಂದ ಸ್ವಲ್ಪ ತೊಂದರೆಯಾಗಿತ್ತಪ್ಪ,” ಎಂದೆ.